ನಡೆಯಿರಿ ಎನ್ನುವ ಮೊದಲು ನಡೆಯಲು ದಾರಿ ಕೊಡಿ

ನಮ್ಮ ಸ್ಥಳೀಯ ಆಡಳಿತದ ಚುನಾಯಿತ ಪ್ರತಿನಿಧಿಗಳಿಗೆ, ಆರೋಗ್ಯ, ರಸ್ತೆ ಮತ್ತು ಶಿಕ್ಷಣ ವಿಭಾಗಗಳ ಅಧಿಕಾರಿಗಳಿಗೆ, ಹಾಗೂ ನನ್ನ ನೆರೆಹೊರೆಯವರಿಗೆ,

ಮಾನ್ಯರೇ,

ಜನ ಹೆಚ್ಚು ನಡೆಯಬೇಕು, ಮಕ್ಕಳು ಬಯಲಿನಲ್ಲಿ ಆಡಬೇಕು, ವಯಸ್ಸಾದವರು ಮನೆಯೊಳಗೇ ಕೂತುಬಿಡಬಾರದು ಎಂದು ನೀವು ಆಗಾಗ ಹೇಳುತ್ತೀರಿ. ಆ ಮಾತಿನ ಹಿಂದಿರುವ ಕಾಳಜಿಯ ಬಗ್ಗೆ ನನಗೆ ಸಂದೇಹವಿಲ್ಲ. ನಾನು ವೃತ್ತಿಯಿಂದ ಫಿಸಿಯೋಥೆರಪಿಸ್ಟ್. ಮಂಡಿ, ಸೊಂಟದ ನೋವೆಂದು ಬರುವವರಿಗೆ, ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವರಿಗೆ, ಹೃದಯದ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಬಂದವರಿಗೆ ಇದೇ ಮಾತನ್ನು ವರ್ಷಗಟ್ಟಲೆ ಹೇಳಿದ್ದೇನೆ. ದಿನಕ್ಕೆ ಅರ್ಧ ಗಂಟೆ ನಡೆಯಿರಿ ಎಂಬ ವಾಕ್ಯ ನನ್ನ ನಾಲಿಗೆಯ ತುದಿಯಲ್ಲೇ ಇರುತ್ತದೆ. ಮುಂದಿನ ಭೇಟಿಯಲ್ಲಿ ‘ನಡೆದಿರಾ?’ ಎಂದು ಕೇಳಿದಾಗ ತಲೆ ತಗ್ಗಿಸುವವರನ್ನು ಕಂಡು, ಇವರಿಗೆ ಮನಸ್ಸಿಲ್ಲ ಎಂದೇ ಬಹುಕಾಲ ನಂಬಿದ್ದೆ. ಆ ನಂಬಿಕೆ ತಪ್ಪೆಂದು ತಿಳಿದ ಬಗೆಯನ್ನೂ, ತಿಳಿದ ಮೇಲೆ ನಿಮ್ಮಲ್ಲಿ ಏನನ್ನು ಕೇಳಿಕೊಳ್ಳಬೇಕೆನ್ನಿಸಿತು ಎಂಬುದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಬಳಿ ಬರುತ್ತಿದ್ದ 68 ವರ್ಷದ ಒಬ್ಬ ಮಹಿಳೆಗೆ ಮಂಡಿಯ ಕೀಲು ಬದಲಿಸುವ ಶಸ್ತ್ರಚಿಕಿತ್ಸೆ ಆಗಿತ್ತು. ಮೂರು ತಿಂಗಳಲ್ಲಿ ಮಂಡಿ ಚೆನ್ನಾಗಿ ಮಡಚತೊಡಗಿತ್ತು, ತೊಡೆಯ ಸ್ನಾಯುಗಳಿಗೆ ಬಲ ಬಂದಿತ್ತು, ಚಿಕಿತ್ಸಾ ಕೊಠಡಿಯಲ್ಲಿ ಕೋಲಿನ ಆಸರೆಯಿಲ್ಲದೆ ಓಡಾಡುತ್ತಿದ್ದರು. ಆದರೂ ಮನೆಯ ಹೊರಗೆ ನಡೆಯುತ್ತಿರಲಿಲ್ಲ. ಬಿಸಿಲು ಎನ್ನುವರು, ನೆಂಟರು ಬಂದಿದ್ದರು ಎನ್ನುವರು. ಕಾರಣಗಳು ಮುಗಿದ ಒಂದು ಸಂಜೆ ನಾನೇ ಅವರ ಮನೆಗೆ ಹೋಗಿ, ಹತ್ತಿರದ ಉದ್ಯಾನದವರೆಗೆ ಜೊತೆಯಲ್ಲಿ ನಡೆಯೋಣ ಎಂದೆ. ದೂರ ಸುಮಾರು 700 ಮೀಟರ್.

ಗೇಟಿನಿಂದ ಹೊರಬಂದು ಮೂವತ್ತು ಹೆಜ್ಜೆ ಇಡುವಷ್ಟರಲ್ಲಿ ಪಾದಚಾರಿ ಮಾರ್ಗ ಮುಗಿದು, ರಸ್ತೆಗೆ ಇಳಿಯಬೇಕಾಯಿತು. ಇಳಿಯುವ ಅಂಚು ಒಂದು ಗೇಣಿಗಿಂತ ಎತ್ತರವಿತ್ತು. ಅವರು ನನ್ನ ಮೊಳಕೈ ಹಿಡಿದು, ಶಸ್ತ್ರಚಿಕಿತ್ಸೆಯಾದ ಕಾಲನ್ನು ಮೊದಲು ಕೆಳಗಿಟ್ಟು, ಆಮೇಲೆ ಇನ್ನೊಂದನ್ನು ಇಳಿಸಿದರು. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು ಎಂದು ನಾನೇ ಕಲಿಸಿದ್ದೆ. ಹಿಡಿಕೆಯಿದ್ದ ಮರದ ಮೆಟ್ಟಿಲಿನ ಮೇಲೆ ಕಲಿಸಿದ ಆ ಪಾಠವನ್ನು ಅವರು ಉದ್ಯಾನ ತಲುಪುವಷ್ಟರಲ್ಲಿ ಹನ್ನೊಂದು ಸಲ ಒಪ್ಪಿಸಬೇಕಾಯಿತು, ಹಿಡಿಯಲು ಏನೂ ಇಲ್ಲದ ಕಡೆ. ಒಂದೆಡೆ ಕಾಲಿಟ್ಟೊಡನೆ ಅಲುಗುವ ಚಪ್ಪಡಿಯಿತ್ತು, ಇನ್ನೊಂದೆಡೆ ನಡೆಯುವ ಜಾಗದ ನಟ್ಟನಡುವೆ ಕಂಬವಿತ್ತು, ಹಲವೆಡೆ ನಿಲ್ಲಿಸಿದ ವಾಹನಗಳಿದ್ದವು. ಅರ್ಧ ದಾರಿಗೆ ಅವರಿಗೆ ಕೂರಬೇಕೆನಿಸಿತು. ಕೂರಲು ಏನೂ ಇರಲಿಲ್ಲವಾದ್ದರಿಂದ ಒಂದು ಗೋಡೆಗೆ ಒರಗಿ ನಿಂತರು. ಮುಂದೆ ರಸ್ತೆ ದಾಟುವಾಗ ನಾವು ನಡುವಿನಲ್ಲಿರುವಾಗಲೇ ಹಸಿರು ದೀಪ ಹೋಗಿ ಕೆಂಪು ಬಂತು. ಅವರು ಅಲ್ಲೇ ನಿಂತುಬಿಟ್ಟರು. ನನ್ನ ಮಣಿಕಟ್ಟಿನ ಮೇಲೆ ಅವರ ಉಗುರುಗಳ ಗುರುತು ಮನೆಗೆ ಬಂದ ಮೇಲೂ ಇತ್ತು.

ಉದ್ಯಾನದ ಬಾಗಿಲಿಗೆ ಬೀಗ ಹಾಕಿತ್ತು. ತೆರೆಯುವ ಹೊತ್ತು ಮುಗಿದಿತ್ತು.

ವಾಪಸು ಬರುವಾಗ ಅವರು ನಿಜವಾದ ಕಾರಣ ಹೇಳಿದರು: ‘ಬಿದ್ದು ಇನ್ನೊಂದು ಕಾಲೂ ಮುರಿದರೆ ನನ್ನನ್ನು ನೋಡಿಕೊಳ್ಳುವವರಿಗೆ ಕಷ್ಟ ಅಲ್ವಾ ಮೇಡಂ? ಅದಕ್ಕೇ ಹಜಾರದಲ್ಲೇ ಸುತ್ತು ಹಾಕ್ತೀನಿ.’ ಸೋಫಾದಿಂದ ಬಾಗಿಲಿಗೆ ಹದಿನಾಲ್ಕು ಹೆಜ್ಜೆ ಎಂದು ಅವರು ಎಣಿಸಿಟ್ಟುಕೊಂಡಿದ್ದರು. ಮನಸ್ಸಿದ್ದರೆ ಮಾರ್ಗ ಎಂಬ ಮಾತನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಆ ಸಂಜೆಯಿಂದ ಹೇಳಲಾಗಿಲ್ಲ. ಅವರಲ್ಲಿ ಮನಸ್ಸು ಧಾರಾಳವಾಗಿತ್ತು, ಮಾರ್ಗವೇ ಇರಲಿಲ್ಲ.

ದೇಹ ಆಡುತ್ತಿರಬೇಕು ಎಂಬುದಕ್ಕೆ ವೈದ್ಯವಿಜ್ಞಾನ ಕೊಟ್ಟ ಮೊದಲ ಗಟ್ಟಿ ಸಾಕ್ಷ್ಯವೇ, ಗಮನಿಸಿದರೆ, ಜನರ ಮನಸ್ಸಿಗಿಂತ ಅವರ ಸುತ್ತಲಿನ ಏರ್ಪಾಟಿನ ಕಥೆಯಾಗಿದೆ. ಲಂಡನ್ನಿನ ಎರಡು ಅಂತಸ್ತಿನ ಬಸ್ಸುಗಳ ಸಿಬ್ಬಂದಿಯನ್ನು ಅಧ್ಯಯನ ಮಾಡಿದ ಜೆರೆಮಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ಪ್ರಕಟಿಸಿದ ಬರಹಗಳಲ್ಲಿ, ದಿನವಿಡೀ ಕೂತಿರುವ ಚಾಲಕರಿಗಿಂತ ಟಿಕೆಟ್ ಕೊಡಲು ಮೆಟ್ಟಿಲು ಹತ್ತಿ ಇಳಿಯುವ ನಿರ್ವಾಹಕರಲ್ಲಿ ಹೃದಯದ ರಕ್ತನಾಳಗಳ ಕಾಯಿಲೆ ಗಮನಾರ್ಹವಾಗಿ ಕಡಿಮೆ ಎಂದು ತೋರಿಸಿದರು. ನಿರ್ವಾಹಕರು ದಿನಕ್ಕೆ ನೂರಾರು ಮೆಟ್ಟಿಲು ಹತ್ತುತ್ತಿದ್ದರು. ಅಂಚೆ ಹಂಚಲು ನಡೆಯುವವರನ್ನೂ ಕಚೇರಿಯಲ್ಲಿ ಕೂತು ಕೆಲಸ ಮಾಡುವ ಗುಮಾಸ್ತರನ್ನೂ ಹೋಲಿಸಿದಾಗಲೂ ಇಂಥದೇ ವ್ಯತ್ಯಾಸ ಕಂಡಿತು. ಆ ನಿರ್ವಾಹಕರು ಆರೋಗ್ಯದ ಆಸೆಯಿಂದ ಮೆಟ್ಟಿಲು ಹತ್ತಿದವರಲ್ಲ, ಯಾರ ಉಪದೇಶವನ್ನೂ ಕೇಳಿದವರಲ್ಲ. ಅವರ ದಿನಚರಿಯೊಳಗೇ ಮೆಟ್ಟಿಲುಗಳಿದ್ದವು. ನಮ್ಮ ದಿನಚರಿಯೊಳಗಿನ ಮೆಟ್ಟಿಲುಗಳನ್ನು ನಾವು ಒಂದೊಂದಾಗಿ ತೆಗೆದುಹಾಕಿದ್ದೇವೆ. ಲಿಫ್ಟಿನ ಬಾಗಿಲು ಕಟ್ಟಡದ ಎದುರಿಗೇ ಹೊಳೆಯುತ್ತಿರುತ್ತದೆ, ಮೆಟ್ಟಿಲು ಎಲ್ಲಿದೆ ಎಂದು ಕಾವಲುಗಾರರನ್ನು ಕೇಳಬೇಕಾಗುತ್ತದೆ.

ಚಲನೆ ನಿಂತಾಗ ದೇಹ ಎಷ್ಟು ಬೇಗ ಕುಗ್ಗುತ್ತದೆ ಎಂಬುದನ್ನು ನಾನು ಪ್ರತಿವಾರ ಕಾಣುತ್ತೇನೆ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಆರೋಗ್ಯವಂತರಾದ ಐವರು ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿ ಪರೀಕ್ಷಿಸಿದ್ದರು. ಅದೇ ಐವರನ್ನು ಮೂವತ್ತು ವರ್ಷಗಳ ನಂತರ ಮತ್ತೆ ಪರೀಕ್ಷಿಸಿದಾಗ ಕಂಡದ್ದೇನೆಂದರೆ, ಶ್ರಮದ ಕೆಲಸದಲ್ಲಿ ಆಮ್ಲಜನಕವನ್ನು ಬಳಸಿಕೊಳ್ಳುವ ಅವರ ದೇಹದ ಸಾಮರ್ಥ್ಯ ಮೂವತ್ತು ವರ್ಷಗಳ ವಯಸ್ಸಿನಿಂದ ಕುಗ್ಗಿದ್ದಕ್ಕಿಂತ ಆ ಮೂರು ವಾರಗಳ ಮಲಗುವಿಕೆಯಿಂದ ಹೆಚ್ಚು ಕುಗ್ಗಿತ್ತು. ಜ್ವರ ಬಂದು ಹದಿನೈದು ದಿನ ಮಲಗಿ ಎದ್ದ ಹಿರಿಯರು ‘ಕಾಲಲ್ಲಿ ಜೀವವೇ ಇಲ್ಲ’ ಎನ್ನುವುದು ಉತ್ಪ್ರೇಕ್ಷೆಯಲ್ಲ. ಇದರ ಇನ್ನೊಂದು ಮುಖ ಆಶಾದಾಯಕವಾದದ್ದು. ಕುಗ್ಗಿದ ಆ ಯುವಕರು ತರಬೇತಿಯಿಂದ ಮತ್ತೆ ಮೇಲೆದ್ದರು, ಎಪ್ಪತ್ತು ದಾಟಿದವರ ಸ್ನಾಯುಗಳೂ ಕೆಲಸ ಕೊಟ್ಟರೆ ಬಲಗೊಳ್ಳುತ್ತವೆ. ಸಂಕುಚಿಸುತ್ತಿರುವ ಸ್ನಾಯು ಇನ್ಸುಲಿನ್‌ಗಾಗಿ ಕಾಯದೆ ರಕ್ತದಲ್ಲಿರುವ ಸಕ್ಕರೆಯನ್ನು ತಾನೇ ಎಳೆದುಕೊಳ್ಳಬಲ್ಲದು. ಊಟವಾದ ಮೇಲೆ ಹತ್ತು ನಿಮಿಷ ಅಡ್ಡಾಡಿದರೂ ಸಕ್ಕರೆ ಕಾಯಿಲೆಯವರಿಗೆ ಪ್ರಯೋಜನವಾಗುವುದು ಇದರಿಂದಲೇ.

ಎಷ್ಟು ನಡೆದರೆ ಸಾಕು ಎಂಬ ಪ್ರಶ್ನೆಗೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಉತ್ತರ ಬಹಳ ಜನರಿಗೆ ಸರಿಯಾಗಿ ತಲುಪಿಲ್ಲ. ವಯಸ್ಕರಿಗೆ ವಾರದಲ್ಲಿ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ, ಅಥವಾ 75ರಿಂದ 150 ನಿಮಿಷಗಳ ತೀವ್ರ ಶ್ರಮ, ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಚಟುವಟಿಕೆ ಬೇಕು. 65 ದಾಟಿದವರಿಗೆ ಇದರ ಮೇಲೆ ವಾರಕ್ಕೆ ಮೂರು ದಿನವಾದರೂ ಸಮತೋಲನದ ಅಭ್ಯಾಸ, 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ. ಮಾತನಾಡಲು ಆಗುತ್ತದೆ, ಹಾಡಲು ಆಗುವುದಿಲ್ಲ ಎನ್ನುವಷ್ಟು ಉಸಿರು ಏರಿದ್ದರೆ ಅದು ಮಧ್ಯಮ ಶ್ರಮ ಎಂದು ನಾನು ರೋಗಿಗಳಿಗೆ ವಿವರಿಸುತ್ತೇನೆ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಒಂದೇ ಸಮನೆ ಹತ್ತು ನಿಮಿಷವಾದರೂ ಮಾಡಿದರೆ ಮಾತ್ರ ಲೆಕ್ಕ ಎಂಬ ಹಿಂದಿನ ನಿಯಮವನ್ನು ಆ ಮಾರ್ಗಸೂಚಿ ಕೈಬಿಟ್ಟಿತು. ಏನೂ ಇಲ್ಲದಿರುವುದಕ್ಕಿಂತ ಸ್ವಲ್ಪವಾದರೂ ಮೇಲು ಎಂದು ಸ್ಪಷ್ಟವಾಗಿ ಹೇಳಿತು. ದೀರ್ಘಕಾಲದ ಕಾಯಿಲೆಯುಳ್ಳವರಿಗೆ ಮತ್ತು ಅಂಗವೈಕಲ್ಯವುಳ್ಳವರಿಗೆ ಪ್ರತ್ಯೇಕ ಶಿಫಾರಸುಗಳನ್ನು ಮೊದಲ ಬಾರಿಗೆ ಸೇರಿಸಿದ್ದೂ ಅದೇ ಮಾರ್ಗಸೂಚಿ.

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಗುರಿಯ ಬಗ್ಗೆಯೂ ಇಲ್ಲಿಯೇ ಒಂದು ಮಾತು ಹೇಳಬೇಕು, ಏಕೆಂದರೆ ಅದನ್ನು ಮುಟ್ಟಲಾಗದೆ ನಡಿಗೆಯನ್ನೇ ಬಿಟ್ಟವರನ್ನು ನಾನು ನೋಡಿದ್ದೇನೆ. ಆ ಸಂಖ್ಯೆ 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆ ಎಣಿಸುವ ಸಾಧನದ ಹೆಸರಿನಿಂದ ಬಂದದ್ದು, ಯಾವ ವೈದ್ಯಕೀಯ ಪರೀಕ್ಷೆಯಿಂದಲೂ ಅಲ್ಲ. ಅಮೆರಿಕದ ಹದಿನಾರು ಸಾವಿರಕ್ಕೂ ಹೆಚ್ಚು ವಯಸ್ಸಾದ ಮಹಿಳೆಯರನ್ನು ಗಮನಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 2,700 ಹೆಜ್ಜೆ ಇಡುವವರಿಗಿಂತ 4,400 ಹೆಜ್ಜೆ ಇಡುವವರಲ್ಲಿ ಸಾವಿನ ಪ್ರಮಾಣ ಶೇ 41ರಷ್ಟು ಕಡಿಮೆಯಿತ್ತು. ಸುಮಾರು 7,500 ಹೆಜ್ಜೆಗಳ ನಂತರ ಆ ಲಾಭ ಹೆಚ್ಚುತ್ತಾ ಹೋಗಲಿಲ್ಲ. ಹಜಾರದಲ್ಲಿ ಹದಿನಾಲ್ಕು ಹೆಜ್ಜೆಯ ಸುತ್ತು ಹಾಕುವವರನ್ನು ಬೀದಿಯ ಕೊನೆಯವರೆಗೆ ನಡೆದು ಬರುವಂತೆ ಮಾಡುವುದರಲ್ಲಿ ಎಷ್ಟು ಲಾಭವಿದೆಯೋ, ಈಗಾಗಲೇ ಓಡುತ್ತಿರುವವರನ್ನು ಇನ್ನಷ್ಟು ಓಡಿಸುವುದರಲ್ಲಿ ಅಷ್ಟು ಲಾಭವಿಲ್ಲ. ವರ್ಷಕ್ಕೊಂದು ಮ್ಯಾರಥಾನ್ ನಡೆಸಿ, ಅದರಲ್ಲಿ ಭಾಗವಹಿಸಿದವರ ಸಂಖ್ಯೆಯನ್ನೇ ಊರಿನ ಆರೋಗ್ಯದ ಅಳತೆಯಾಗಿ ಹಿಡಿಯುವುದನ್ನು ನಾನು ಒಪ್ಪದಿರುವುದು ಇದಕ್ಕಾಗಿ. ಅದರಲ್ಲಿ ಓಡುವವರು ಮರುದಿನವೂ ಓಡುತ್ತಾರೆ, ಓಡದವರು ಬದಿಯಲ್ಲಿ ನಿಂತು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ.

ಸಾಲದಷ್ಟು ಚಟುವಟಿಕೆಯಿರುವವರು ಕೆಲವೇ ಸೋಮಾರಿಗಳು ಎಂದು ಯಾರಾದರೂ ತಿಳಿದಿದ್ದರೆ ಅಂಕಿಅಂಶ ಬೇರೆ ಹೇಳುತ್ತದೆ. 2022ರಲ್ಲಿ ಜಗತ್ತಿನ ವಯಸ್ಕರಲ್ಲಿ ಶೇ 31ರಷ್ಟು ಜನ, ಅಂದರೆ ಸುಮಾರು 180 ಕೋಟಿ ಮಂದಿ, ಶಿಫಾರಸಿನ ಕನಿಷ್ಠ ಮಟ್ಟವನ್ನು ತಲುಪಿರಲಿಲ್ಲ. 2010ರಲ್ಲಿ ಈ ಪ್ರಮಾಣ ಶೇ 26ರ ಆಸುಪಾಸಿನಲ್ಲಿತ್ತು. ಪುರುಷರಲ್ಲಿ ಶೇ 29ರಷ್ಟಿದ್ದರೆ ಮಹಿಳೆಯರಲ್ಲಿ ಶೇ 34ರಷ್ಟಿತ್ತು. ಹನ್ನೆರಡು ವರ್ಷಗಳಲ್ಲಿ ಇಷ್ಟು ಜನರ ಸಂಕಲ್ಪಶಕ್ತಿ ಒಮ್ಮೆಗೇ ಕುಸಿಯಿತು ಎಂದು ನಂಬಲು ನನಗೆ ಕಾರಣ ಕಾಣುವುದಿಲ್ಲ. ಬದಲಾದದ್ದು ಅವರು ದುಡಿಯುವ, ಓಡಾಡುವ, ಬಿಡುವು ಕಳೆಯುವ ರೀತಿ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ರೂಪಿಸಿದ ಜಾಗತಿಕ ಕ್ರಿಯಾಯೋಜನೆ 2030ರೊಳಗೆ ನಿಷ್ಕ್ರಿಯತೆಯನ್ನು ಶೇ 15ರಷ್ಟು ತಗ್ಗಿಸುವ ಗುರಿ ಇಟ್ಟುಕೊಂಡಿದ್ದು, ಜನರಲ್ಲಿ ಅರಿವು ಮೂಡಿಸುವುದರ ಜೊತೆಗೆ ಅವರ ಪರಿಸರವನ್ನು ಬದಲಿಸುವುದನ್ನೂ ಸಮನಾದ ಕರ್ತವ್ಯವಾಗಿ ಹೇಳುತ್ತದೆ. ಅರಿವಿನ ಕೆಲಸವನ್ನು ನೀವು ಕರಪತ್ರ, ಫಲಕ, ಭಾಷಣಗಳಲ್ಲಿ ಮಾಡಿದ್ದೀರಿ. ಎರಡನೆಯದು ಬಾಕಿಯಿದೆ.

ಆ ಬಾಕಿ ಕೆಲಸದಲ್ಲಿ ರಸ್ತೆ ದಾಟುವ ವಿಚಾರವನ್ನೇ ಮೊದಲು ಎತ್ತಿಕೊಳ್ಳಿ ಎಂದು ಕೋರುತ್ತೇನೆ. ಪಾದಚಾರಿ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾನೆ ಎಂಬ ಲೆಕ್ಕದ ಮೇಲೆ ಸಿಗ್ನಲ್‌ಗಳ ಸಮಯವನ್ನು ನಿಗದಿ ಮಾಡುವ ರೂಢಿ ಹಲವು ದೇಶಗಳಲ್ಲಿದೆ. ಇಂಗ್ಲೆಂಡಿನಲ್ಲಿ 65 ದಾಟಿದವರ ನಡಿಗೆಯನ್ನು ಅಳೆದು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವರ ಸರಾಸರಿ ವೇಗ ಪುರುಷರಲ್ಲಿ ಸೆಕೆಂಡಿಗೆ 0.9 ಮೀಟರ್, ಮಹಿಳೆಯರಲ್ಲಿ 0.8 ಮೀಟರ್ ಇತ್ತು. ಹನ್ನೆರಡು ಮೀಟರ್ ಅಗಲದ ರಸ್ತೆಯನ್ನು ಊಹಿಸಿಕೊಳ್ಳಿ. ಲೆಕ್ಕದ ಪಾದಚಾರಿ ಅದನ್ನು ಹತ್ತು ಸೆಕೆಂಡಿನಲ್ಲಿ ದಾಟುತ್ತಾನೆ, ನನ್ನ ರೋಗಿಯಂಥವರಿಗೆ ಹದಿನೈದು ಸೆಕೆಂಡ್ ಬೇಕು. ಆ ಐದು ಸೆಕೆಂಡುಗಳಲ್ಲಿ ಅವರು ಎಲ್ಲಿರುತ್ತಾರೆಂದರೆ, ರಸ್ತೆಯ ಮೂರನೇ ಒಂದು ಭಾಗ ಇನ್ನೂ ಮುಂದಿರುವಾಗ, ಹೊರಟು ನಿಂತ ವಾಹನಗಳ ಎದುರಿಗೆ. ಒಮ್ಮೆ ಅಲ್ಲಿ ನಿಂತವರು ಮತ್ತೊಮ್ಮೆ ಆ ರಸ್ತೆಗೆ ಬರುವುದಿಲ್ಲ. ಸಿಗ್ನಲ್‌ಗೆ ಐದು ಸೆಕೆಂಡ್ ಸೇರಿಸಲು ಹೊಸ ಕಟ್ಟಡ ಬೇಕಿಲ್ಲ, ಅಗಲವಾದ ರಸ್ತೆಯಾದರೆ ನಡುವೆ ನಿಲ್ಲಲು ಒಂದು ಸುರಕ್ಷಿತ ಕಟ್ಟೆ ಮಾಡಿದರೂ ಆಗುತ್ತದೆ.

ಬೆಂಚುಗಳನ್ನು ಸಣ್ಣ ವಿಷಯವೆಂದು ದಯವಿಟ್ಟು ತಳ್ಳಿಹಾಕಬೇಡಿ. ಕಾಲಿನ ರಕ್ತನಾಳಗಳು ಕಿರಿದಾದವರಿಗೆ ಸ್ವಲ್ಪ ದೂರ ನಡೆದೊಡನೆ ಮೀನಖಂಡ ಹಿಡಿದುಕೊಳ್ಳುತ್ತದೆ, ಕೆಲವು ನಿಮಿಷ ನಿಂತರೆ ನೋವು ಇಳಿಯುತ್ತದೆ, ಮತ್ತೆ ನಡೆಯಬಹುದು. ಹಾಗೆ ನಡೆದು, ನಿಂತು, ಮತ್ತೆ ನಡೆಯುವುದೇ ಅವರಿಗೆ ನಾವು ಕೊಡುವ ಚಿಕಿತ್ಸೆ. ಬೆನ್ನುಹುರಿಯ ನಾಳ ಕಿರಿದಾದವರಿಗೆ ಮುಂದಕ್ಕೆ ಬಾಗಿ ಕೂತರೆ ಮಾತ್ರ ನೋವು ಇಳಿಯುತ್ತದೆ. ಹಿಡಿದು ಏಳಲು ತೋಳಿರುವ, ತೀರಾ ತಗ್ಗಲ್ಲದ ಬೆಂಚೊಂದು ದಾರಿಯ ನಡುವೆ ಇದೆ ಎಂದು ಗೊತ್ತಿದ್ದರೆ ಇವರಿಬ್ಬರೂ ಮನೆಯಿಂದ ಹೊರಡುತ್ತಾರೆ. ಶುಚಿಯಾದ ಶೌಚಾಲಯದ ವಿಷಯವೂ ಹೀಗೆಯೇ. ಪದೇಪದೇ ಮೂತ್ರಕ್ಕೆ ಹೋಗಬೇಕಾದವರು, ಗರ್ಭಿಣಿಯರು, ಚಿಕ್ಕ ಮಕ್ಕಳ ಜೊತೆಗಿರುವವರು ಎಷ್ಟು ದೂರ ನಡೆಯುತ್ತಾರೆ ಎಂಬುದನ್ನು ಅವರ ಕಾಲುಗಳ ಬಲ ನಿರ್ಧರಿಸುವುದಿಲ್ಲ.

ಮಕ್ಕಳ ಸ್ಥಿತಿ ದೊಡ್ಡವರಿಗಿಂತ ಕೆಟ್ಟದಾಗಿದೆ. 2016ರ ಮಾಹಿತಿಯಂತೆ ಜಗತ್ತಿನಲ್ಲಿ 11ರಿಂದ 17 ವರ್ಷದ ಶಾಲಾ ಮಕ್ಕಳಲ್ಲಿ ಶೇ 81ರಷ್ಟು ಮಂದಿಗೆ ದಿನದ 60 ನಿಮಿಷಗಳ ಚಟುವಟಿಕೆ ಸಿಗುತ್ತಿರಲಿಲ್ಲ, ಹುಡುಗಿಯರಲ್ಲಿ ಆ ಪ್ರಮಾಣ ಶೇ 85ರ ಹತ್ತಿರವಿತ್ತು. ಹೀಗಿರುವಾಗ ಸಾರ್ವಜನಿಕ ಶಾಲೆಗಳ ಆಟದ ಮೈದಾನಗಳಿಗೆ ತರಗತಿ ಮುಗಿದೊಡನೆ ಬೀಗ ಬೀಳುತ್ತದೆ, ರಜೆಯಲ್ಲಿ ತಿಂಗಳುಗಟ್ಟಲೆ ತೆರೆಯುವುದಿಲ್ಲ. ಮಕ್ಕಳು ಬೇಲಿಯಾಚೆಯ ಖಾಲಿ ಬಯಲನ್ನು ನೋಡುತ್ತಾ ರಸ್ತೆಯಂಚಿನಲ್ಲಿ ಚೆಂಡು ಆಡುತ್ತಾರೆ, ವಾಹನ ಬಂದಾಗ ‘ಗಾಡಿ, ಗಾಡಿ’ ಎಂದು ಕೂಗಿ ಬದಿಗೆ ಸರಿಯುತ್ತಾರೆ. ಒಡೆದದ್ದಕ್ಕೆ, ಕಳುವಾದದ್ದಕ್ಕೆ, ಯಾರಿಗಾದರೂ ಪೆಟ್ಟಾದರೆ ಹೊಣೆ ಯಾರು ಎಂಬ ಶಾಲೆಯ ಮುಖ್ಯಸ್ಥರ ಆತಂಕ ನ್ಯಾಯವಾದದ್ದೇ. ಆ ಹೊಣೆಯನ್ನು ಆಡಳಿತ ಬರಹದಲ್ಲಿ ತಾನು ವಹಿಸಿಕೊಂಡು, ಸಂಜೆಯ ಎರಡು ಗಂಟೆಗೆ ಒಬ್ಬ ಮೇಲ್ವಿಚಾರಕರನ್ನು ನೇಮಿಸಿದರೆ, ಹೊಸದಾಗಿ ಒಂದಡಿ ಜಾಗವನ್ನೂ ಕೊಳ್ಳದೆ ಹಲವು ಮೈದಾನಗಳು ಊರಿಗೆ ದಕ್ಕುತ್ತವೆ. ವಾರದಲ್ಲಿ ಕೆಲವು ಹೊತ್ತನ್ನು ಹುಡುಗಿಯರಿಗೇ ಮೀಸಲಿಡಿ. ಮೈದಾನ ಎಲ್ಲರದೂ ಎಂದು ಬಿಟ್ಟರೆ ದೊಡ್ಡ ಹುಡುಗರು ನಡುವಿನ ಜಾಗ ಹಿಡಿಯುತ್ತಾರೆ, ಹುಡುಗಿಯರು ಗೋಡೆಯ ಪಕ್ಕದಲ್ಲಿ ನಿಂತು ಮಾತಾಡುತ್ತಾರೆ. ಇದನ್ನು ಯಾವ ಶಾಲೆಯ ಅಂಗಳದಲ್ಲಿ ಬೇಕಾದರೂ ನೋಡಬಹುದು.

ಕತ್ತಲಾದ ಮೇಲೆ ಮಾತ್ರ ಬಿಡುವು ಸಿಗುವ ಮಹಿಳೆಯರಿಗೆ ಬೀದಿದೀಪವೇ ವ್ಯಾಯಾಮದ ಸಲಕರಣೆ. ಇಷ್ಟು ಹೇಳಿದರೆ ಸಾಕೆಂದುಕೊಂಡಿದ್ದೇನೆ, ಕೆಟ್ಟ ದೀಪಗಳ ಪಟ್ಟಿ ನಿಮ್ಮ ಕಚೇರಿಯಲ್ಲೇ ಇರುತ್ತದೆ. ದಿನವಿಡೀ ಹೊರೆ ಹೊತ್ತು, ನೆಲ ಒರೆಸಿ, ನಿಂತು ದುಡಿದು ಬರುವವರಿಗೆ ವ್ಯಾಯಾಮದ ಉಪದೇಶ ಕೊಡಲು ನನಗೆ ಬಾಯಿ ಬರುವುದಿಲ್ಲ. ಅವರಿಗೆ ಬೇಕಾದದ್ದು ವಿಶ್ರಾಂತಿ ಮತ್ತು ಮನೆಗೆ ಮರಳಲು ಅಪಾಯವಿಲ್ಲದ ದಾರಿ.

ವಾಹನಗಳ ದಟ್ಟಣೆಯಿರುವ ಊರಿನಲ್ಲಿ ಇವೆಲ್ಲ ಸಾಧ್ಯವೇ ಎಂದು ಕೇಳುವವರಿಗೆ ಕೊಲಂಬಿಯಾದ ರಾಜಧಾನಿ ಬೊಗೋಟಾದ ಅನುಭವವಿದೆ. ಅಲ್ಲಿ 1974ರಲ್ಲಿ ಆರಂಭವಾದ ಸಿಕ್ಲೊವಿಯಾ ಎಂಬ ಏರ್ಪಾಟಿನಂತೆ, ಭಾನುವಾರ ಮತ್ತು ರಜಾದಿನಗಳಲ್ಲಿ ಬೆಳಿಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ ನೂರು ಕಿಲೋಮೀಟರಿಗೂ ಹೆಚ್ಚು ಉದ್ದದ ರಸ್ತೆಗಳನ್ನು ವಾಹನಗಳಿಗೆ ಮುಚ್ಚಿ, ನಡೆಯುವವರಿಗೆ, ಸೈಕಲ್ ತುಳಿಯುವವರಿಗೆ, ಚಕ್ರಕುರ್ಚಿಯವರಿಗೆ, ಮಕ್ಕಳಿಗೆ ಬಿಟ್ಟುಕೊಡುತ್ತಾರೆ. ಹೊಸ ರಸ್ತೆ ಹಾಕಿ ಮಾಡಿದ ಕೆಲಸವಲ್ಲ ಅದು. ಇರುವ ರಸ್ತೆಯನ್ನು ಕೆಲವು ತಾಸು ಬೇರೆಯವರಿಗೆ ಕೊಟ್ಟದ್ದಷ್ಟೇ. ನಾವು ನೂರು ಕಿಲೋಮೀಟರ್ ಕೇಳುತ್ತಿಲ್ಲ. ವಾರಕ್ಕೊಂದು ಬೆಳಿಗ್ಗೆ, ಒಂದೇ ಒಂದು ಕಿಲೋಮೀಟರ್ ರಸ್ತೆಯಿಂದ ಶುರುಮಾಡಿ. ಆದರೆ ತಪ್ಪದೆ ಪ್ರತಿವಾರ ನಡೆಸಿ, ಏಕೆಂದರೆ ಜನ ಅದನ್ನು ನಂಬಿ ತಮ್ಮ ವಾರವನ್ನು ಹೊಂದಿಸಿಕೊಳ್ಳಲು ಕೆಲವು ತಿಂಗಳು ಬೇಕಾಗುತ್ತದೆ.

ನೆರೆಹೊರೆಯವರಲ್ಲಿ ನನ್ನದೊಂದು ಕೋರಿಕೆಯಿದೆ. ಆಡಳಿತ ಎಲ್ಲವನ್ನೂ ಸರಿಪಡಿಸುವವರೆಗೆ ನಾವು ಕಾಯಬೇಕಾಗಿಲ್ಲ. ನಿಮ್ಮ ವಾಹನವನ್ನು ನಡೆಯುವ ಜಾಗದಲ್ಲಿ ನಿಲ್ಲಿಸಬೇಡಿ. ಪಕ್ಕದ ಮನೆಯಲ್ಲಿ ಒಬ್ಬರೇ ಇರುವ ಹಿರಿಯರಿದ್ದರೆ, ‘ನಡೆಯಿರಿ’ ಎನ್ನುವ ಬದಲು ‘ಬನ್ನಿ, ನಾನೂ ಬರುತ್ತೇನೆ’ ಎನ್ನಿ, ಅವರ ವೇಗಕ್ಕೆ ನಿಮ್ಮ ಹೆಜ್ಜೆಯನ್ನು ಇಳಿಸಿ. ಮಂಡಿಯ ಶಸ್ತ್ರಚಿಕಿತ್ಸೆಯಾದ ಆ ಮಹಿಳೆಯ ಜೊತೆ ಈಗ ಎದುರುಮನೆಯ ಕಾಲೇಜು ಹುಡುಗಿಯೊಬ್ಬಳು ವಾರಕ್ಕೆ ನಾಲ್ಕು ಸಂಜೆ ನಡೆಯುತ್ತಾಳೆ. ಅವರು ಇನ್ನೂ ಉದ್ಯಾನದವರೆಗೆ ಹೋಗಿಲ್ಲ, ರಸ್ತೆ ದಾಟುವ ಜಾಗಕ್ಕೆ ಬಂದು ಹಿಂದಿರುಗುತ್ತಾರೆ. ಹಿರಿಯರಲ್ಲಿ ಯಾರನ್ನು ಕೇಳಿದರೂ ಓಡಾಡಿಕೊಂಡಿರುವಾಗಲೇ ಕಣ್ಣು ಮುಚ್ಚಿದರೆ ಸಾಕು ಎನ್ನುತ್ತಾರೆ. ಅಷ್ಟು ಸಣ್ಣ ಆಸೆಯನ್ನು ನಡೆಸಿಕೊಡಲು ಬೇಕಾಗಿರುವುದು ಗೇಣುದ್ದದ ಅಂಚಿಗೊಂದು ಇಳಿಜಾರು, ಎರಡು ಬೆಂಚು, ಐದು ಸೆಕೆಂಡು.

ಮಾನ್ಯರೇ, ನಿಮ್ಮ ಉತ್ತರ ಕಾಗದದಲ್ಲಿ ಬರಬೇಕೆಂದು ನಾನು ಕೇಳುತ್ತಿಲ್ಲ. ನಿಮಗೆ ಅನುಕೂಲವಾದ ಒಂದು ಸಂಜೆ, ರಸ್ತೆ ವಿಭಾಗದ ಎಂಜಿನಿಯರ್ ಒಬ್ಬರನ್ನು ಕರೆದುಕೊಂಡು, ಆ 700 ಮೀಟರ್ ದಾರಿಯನ್ನು ನಮ್ಮ ಜೊತೆ ನಡೆಯಲು ಬನ್ನಿ. ಅಳತೆಯ ಟೇಪು ಮತ್ತು ಗಡಿಯಾರ ನಾನು ತರುತ್ತೇನೆ. ಆ ಮಹಿಳೆ ನಿಮ್ಮ ಮೊಳಕೈ ಹಿಡಿದು ಇಳಿಯುವ ಹನ್ನೊಂದು ಜಾಗಗಳನ್ನೂ ಗುರುತು ಹಾಕಿಕೊಳ್ಳೋಣ. ಉದ್ಯಾನದ ಬಾಗಿಲನ್ನು ಆ ದಿನ ಇನ್ನೊಂದು ಗಂಟೆ ತೆರೆದಿಡಲು ಮಾತ್ರ ಮೊದಲೇ ಹೇಳಿರಿ.

ಇತಿ ಗೌರವಗಳೊಂದಿಗೆ,
ನಿಮ್ಮ ಊರಿನ ಒಬ್ಬ ಫಿಸಿಯೋಥೆರಪಿಸ್ಟ್